ತಟ್ಟೆ, ಮರ ಮತ್ತು ಅಪ್ಪಯ್ಯ

ಈ ಕಡೆ ತಲೆ ಹಾಕದೆ ಬಹಳ ತಿಂಗಳಾದವು. ಬೈಕೋಬೇಡಿ. ಕೆಲಸ ಜಾಸ್ತಿ ಇತ್ತು ಅನ್ನೋದು ನೆಪ, ಸೋಮಾರಿತನ ಅನ್ನೋದು ನಿಜ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಅಟ್ಲಾಂಟಾದಲ್ಲಿರೋ ನನ್ನ ಕಾಲೇಜಿನ ಗೆಳೆಯ. ಮೊನ್ನೆ ಅವನದೊಂದು ಮೆಸೇಜು ಬಂತು:

"ಡಿಸ್ಕ್ ಗಾಲ್ಫ್ ಶುರು ಮಾಡ್ದೆ ಕಣೋ. ನಮ್ಮನೆ ಹತ್ರದ ಕೋರ್ಸು ಪೂರ್ತಿ ಕಾಡು. ಎರಡು ವಾರಕ್ಕೆ ಎರಡು ಡಿಸ್ಕ್ ಹಾಳಾಯ್ತು. ಮರಕ್ಕೆ ಹೊಡೆದ್ರೂ ಬಾಳಿಕೆ ಬರೋದು ಯಾವುದು ಅಂತ ಹೇಳು, ತಗೋತೀನಿ."

ಎರಡು ಸಾಲಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಬರೆಯೋಕೆ ಶುರುನೂ ಮಾಡಿದೆ. ಆದ್ರೆ ಡಿಸ್ಕಿನ ಬಗ್ಗೆ ನಂಗೆ ಗೊತ್ತಿರೋದರಲ್ಲಿ ಅರ್ಧ ನಂಗೆ ಗೊತ್ತಾಗಿದ್ದು ಅಪ್ಪಯ್ಯನಿಂದ. ಅವರು ಈ ಆಟವನ್ನ ಒಂದು ಸಲವೂ ಸರಿಯಾಗಿ ಆಡಿದವರಲ್ಲ. ಆ ಕಥೆ ಮೆಸೇಜಿನಲ್ಲಿ ಹಿಡಿಯೋದಿಲ್ಲ. ಹಾಗಾಗಿ ಇಲ್ಲಿ ಬರೀತಿದ್ದೀನಿ. ಗೆಳೆಯನೂ ಇಲ್ಲೇ ಓದ್ಕೊಳ್ಲಿ.

*

ಗೊತ್ತಿಲ್ಲದವರಿಗೆ ಮೊದಲು ಆಟದ ಬಗ್ಗೆ. ಗಾಲ್ಫ್ ಹಾಗೇ, ಆದ್ರೆ ಚೆಂಡಿನ ಬದಲು ತಟ್ಟೆ, ಗುಳಿಯ ಬದಲು ಕಬ್ಬಿಣದ ಸರಪಳಿ ನೇತು ಹಾಕಿದ ಬುಟ್ಟಿ. ಟೀ ಅನ್ನೋ ಜಾಗದಿಂದ ಎಸೀಬೇಕು, ಬಿದ್ದಲ್ಲಿಂದ ಮತ್ತೆ ಎಸೀಬೇಕು, ಕಮ್ಮಿ ಎಸೆತದಲ್ಲಿ ಬುಟ್ಟಿಗೆ ಹಾಕಿದವನು ಗೆದ್ದ. ಇದನ್ನ ಈಗಿರೋ ರೂಪಕ್ಕೆ ತಂದಿದ್ದು ಎಡ್ ಹೆಡ್ರಿಕ್ ಅನ್ನೋರು. ಫ್ರಿಸ್ಬಿ ಮಾಡೋ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸು ಮಾಡಿದ್ರು, ಮರುವರ್ಷ ಆಟಗಾರರ ಸಂಘ ಕಟ್ಟಿದ್ರು, ಸರಪಳಿ ಬುಟ್ಟಿಯೂ ಅವರದೇ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಆಸೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದ್ರಂತೆ!

ನಾನಿರೋ ಶಾರ್ಲೆಟ್ ಈ ಆಟಕ್ಕೆ ಹೆಸರಾದ ಊರು. ಅರ್ಧ ಗಂಟೆ ಡ್ರೈವ್ ಮಾಡಿದ್ರೆ ರಾಕ್ ಹಿಲ್ ಸಿಗುತ್ತೆ, ಅಲ್ಲಿನ ವಿಂಥ್ರಾಪ್ ಯೂನಿವರ್ಸಿಟಿಯಲ್ಲಿ 1999ರಿಂದ ಅಮೆರಿಕದ ದೊಡ್ಡ ಚಾಂಪಿಯನ್‌ಶಿಪ್ ನಡೆಯುತ್ತೆ. ಅದು ಕೆರೆ, ಹುಲ್ಲು, ಹಳದಿ ಹಗ್ಗ ಇರೋ ಬಯಲು. ಶಾರ್ಲೆಟ್ಟಿನ ಕೋರ್ಸುಗಳು ಹೆಚ್ಚಿನವು ಹಾಗಲ್ಲ. ಪೈನ್, ಓಕ್, ಬೀಚ್, ಸ್ವೀಟ್‌ಗಮ್ ಮರಗಳ ಮಧ್ಯೆ ಎತ್ತಿನಗಾಡಿ ಹೋಗುವಷ್ಟು ಅಗಲದ ದಾರಿ. ಅಡಿಯಲ್ಲಿ ನಮ್ಮ ತೀರ್ಥಹಳ್ಳಿ ಕಡೆಯಂಥದೇ ಕೆಂಪು ಮಣ್ಣು. ಹಾರ್ನೆಟ್ಸ್ ನೆಸ್ಟ್ ಅಂತೊಂದು ಪಾರ್ಕ್ ಇದೆ, ಕಡಜದ ಗೂಡು ಅಂತ ಅರ್ಥ. 1780ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಈ ಊರನ್ನ ಹಾಗೆ ಬೈದಿದ್ದ ಅಂತ ಹೇಳ್ತಾರೆ. ಹೌದು, ಮುಂದೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪು ಮಕ್ಕಳನ್ನ ಒತ್ತೆ ಇಟ್ಕೊಂಡನಲ್ಲ, ಅದೇ ಕಾರ್ನ್‌ವಾಲಿಸ್. ಪ್ರಪಂಚ ಸಣ್ಣದು ನೋಡಿ :-)

ನನ್ನನ್ನ ಈ ಆಟಕ್ಕೆ ಎಳೆದಿದ್ದು ನಮ್ಮ ಟೀಮಿನ ಹಿರಿಯರೊಬ್ಬರು. ಎದೆ ತನಕ ಬಿಳೀ ಗಡ್ಡ. ನಾನು ಮನೇಲಿ ಅವರಿಗಿಟ್ಟ ಹೆಸರು ಗಡ್ಡದಯ್ಯ. ಮೊದಲ ದಿನವೇ ಹೇಳಿದ್ರು, "ಜೋರಾಗಿ ಹೋಗೋ ಡಿಸ್ಕ್ ತಗೋಬೇಡ". ಕೇಳಿದ್ನಾ? ಇಲ್ಲ. ಅಂಗಡಿಗೆ ಹೋಗಿ ಸ್ಪೀಡ್ 12 ಅಂತ ಬರೆದಿದ್ದ ಡ್ರೈವರನ್ನೇ ತಂದೆ. ಹತ್ತು ಡಾಲರಿನೊಳಗೆ ಸಿಗುತ್ತೆ ಅಂತ ಅಗ್ಗದ ಪ್ಲಾಸ್ಟಿಕ್ಕಿಂದು. ಮೊದಲ ಎಸೆತ ಪೈನ್ ಮರಕ್ಕೆ. ಎರಡನೇದು ಅದರ ಪಕ್ಕದ ಪೈನ್ ಮರಕ್ಕೆ. ಇಲ್ಲಿ ಆಟಗಾರರ ಒಂದು ಜೋಕಿದೆ, ಮರ ಅಂದ್ರೆ ತೊಂಬತ್ತು ಪಾಲು ಗಾಳಿ ಅಂತ. ನಂಗೆ ಮಾತ್ರ ಯಾವಾಗಲೂ ಉಳಿದ ಹತ್ತು ಪಾಲೇ ಸಿಕ್ತಿತ್ತು. ಒಂದು ತಿಂಗಳಿಗೆ ಆ ಡಿಸ್ಕಿನ ಅಂಚು ಇಲಿ ಕಡಿದ ಎಳನೀರಿನ ಹಾಗಾಯ್ತು.

*

ಅಪ್ಪಯ್ಯ ಬಂದಿದ್ದು 2024ರ ಫೆಬ್ರವರಿಯಲ್ಲಿ. ಅಡಿಕೆ ಕೊಯ್ಲು ಮುಗಿಸಿ, ಮೇ ಕೊನೆಗೆ ವಾಪಸ್ ಅಂತ ಮೊದಲೇ ಟಿಕೆಟ್ ಮಾಡಿಸಿಕೊಂಡು ಬಂದಿದ್ರು. ಮಳೆ ಹಿಡಿಯೋದರೊಳಗೆ ಬೋರ್ಡೋ ಹೊಡೆಸಬೇಕಲ್ಲ. ಅಮ್ಮ ಹೋಗಿ ಆಗ ಎರಡು ವರ್ಷ ಆಗಿತ್ತು. ಅಷ್ಟು ದೊಡ್ಡ ಮನೇಲಿ ಅವರೊಬ್ಬರೇ.

ಕರೆಸಿಕೊಂಡಿದ್ದರ ಹಿಂದೆ ನಂದೊಂದು ಲೆಕ್ಕಾಚಾರ ಇತ್ತು. ಎಲೆಚುಕ್ಕಿ ರೋಗದ ಬಗ್ಗೆ ಮಲೆನಾಡಿನವರಿಗೆ ಹೇಳೋದು ಬೇಡ. ಉಳಿದವರಿಗೆ: ಅದೊಂದು ಶಿಲೀಂಧ್ರ. ಅಡಿಕೆ ಸೋಗೆ ಮೇಲೆ ಹಳದಿ ಅಂಚಿನ ಕಂದು ಚುಕ್ಕಿ ಬೀಳುತ್ತೆ, ಚುಕ್ಕಿ ಸೇರಿ ಸೇರಿ ಸೋಗೆ ಒಣಗುತ್ತೆ, ಮಳೆ ಹನಿ ಜೊತೆ ಪಕ್ಕದ ಮರಕ್ಕೆ ಹೋಗುತ್ತೆ. 2022ರ ಮಳೆಗಾಲದಲ್ಲಿ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಕಡೆ ತೋಟಕ್ಕೆ ತೋಟವೇ ಕೆಂಪಾಗಿತ್ತು. ನಮ್ಮ ಮೇಲಿನ ತೋಟಕ್ಕೂ ಬಂತು. ಮದ್ದು ಹೊಡೆಯೋಕೆ ಜನ ಸಿಗಲ್ಲ, ಸಿಕ್ಕಿದ್ರೂ ಮರ ಹತ್ತೋರಿಲ್ಲ. ತೋಟ ಕೊಟ್ಟುಬಿಡಿ, ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಒಂದು ಮನೆ ಮಾಡೋಣ, ವರ್ಷಕ್ಕೆ ಆರು ತಿಂಗಳು ಇಲ್ಲಿ ನನ್ನ ಜೊತೆ ಇರಿ... ಇದು ನನ್ನ ಪ್ಲಾನು. ಫೋನಿನಲ್ಲಿ ಹೇಳಿದ್ರೆ ಆಗಲ್ಲ, ಎದುರಿಗೆ ಕೂರಿಸಿಕೊಂಡು ಹೇಳ್ಬೇಕು ಅಂತ ಇದ್ದೆ.

ಎದುರಿಗೆ ಬಂದ ಮೇಲೆ ಬಾಯಿ ಬರಲಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಮಾಡೋಕೆ ಏನೂ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ ಮಾಡ್ಕೊಂಡು ಬಾಲ್ಕನಿಯಲ್ಲಿ ಕೂರೋರು. ಸಂಜೆ ನಾನು ಲ್ಯಾಪ್‌ಟಾಪ್ ಮುಚ್ಚಿದಾಗಲೂ ಅಲ್ಲೇ ಇರೋರು. "ಎಂಥ ಮಾಡಿದ್ರಿ ಇವತ್ತು?" ಅಂದ್ರೆ, "ಎಂಥ ಮಾಡೂದು? ಆ ಎದುರುಮನೆಯವ ನಾಯಿನ ಮೂರು ಸಲ ಹೊರಗೆ ಕರ್ಕೊಂಡು ಹೋದ" ಅನ್ನೋರು. ಎರಡನೇ ಶನಿವಾರ ಸುಮ್ಮನೆ ಕರೆದೆ, ಬನ್ನಿ ಅಪ್ಪಯ್ಯ, ಒಂದು ಆಟ ಆಡೋ ಜಾಗ ಇದೆ, ಕಾಡು ಅಂತ. ಕಾಡು ಅಂದಿದ್ದೇ ಸಾಕಾಯ್ತು. ಮಂಡೆಗೆ ಮಫ್ಲರ್ ಸುತ್ತಿಕೊಂಡು ನನಗಿಂತ ಮೊದಲು ಕಾರಿನ ಹತ್ರ ನಿಂತಿದ್ರು.

ನಾನು ಮೊದಲ ಟೀಯಿಂದ ಎಸೆದೆ. ಠಣ್! ಓಕ್ ಮರ.

"ಅಲ್ಲ ಮಾರಾಯ, ಆಚೆ ಅಷ್ಟು ದೊಡ್ಡ ಬಯಲು ಉಂಟಲ್ಲ. ಮರ ಇರೋ ಕಡೆನೇ ಎಂಥಕ್ಕೆ ಎಸಿಯೂದು?"

"ಅದೇ ಆಟ, ಅಪ್ಪಯ್ಯ."

"ಕೃಷ್ಣನ ಚಕ್ರ ಆಗಿದ್ರೆ ಮರ ಕಡಿದು ವಾಪಸ್ಸಾದ್ರೂ ಬರ್ತಿತ್ತು" ಅಂದ್ರು.

ಆದ್ರೆ ಕಳೆದ ಡಿಸ್ಕ್ ಹುಡುಕೋದರಲ್ಲಿ ಅವರಿಗೆ ಸಮ ಇಲ್ಲ. ನಾನು ಬಿದ್ದ ಕಡೆ ಅಂತ ಅಂದುಕೊಂಡು ಹತ್ತು ನಿಮಿಷ ದರಗು ಒದೆಯೋದು, ಅವರು ನಿಂತಲ್ಲಿಂದಲೇ "ಅಲ್ಲಿ, ಆ ಬೇರಿನ ಆಚೆ" ಅನ್ನೋದು. ಅರವತ್ತು ವರ್ಷ ದರಗಿನ ಅಡಿಯಿಂದ ಉದುರಡಿಕೆ ಹೆಕ್ಕಿದ ಕಣ್ಣು! ನಂದು ಸಿಕ್ಕಿದ ಮೇಲೆ ಬೇರೆಯವರದೂ ಸಿಕ್ಕೋಕೆ ಶುರುವಾಯ್ತು. ಮೂರೂವರೆ ತಿಂಗಳಲ್ಲಿ ಅಪ್ಪಯ್ಯ ಹುಡುಕಿದ್ದು ಒಟ್ಟು 23 ಡಿಸ್ಕ್. ಬಣ್ಣದ ಪಾಠ ಕಲಿತಿದ್ದು ಅಲ್ಲೇ. ಚಳಿಗಾಲದ ದರಗಿನಲ್ಲಿ ಕೆಂಪು, ಕಿತ್ತಳೆ, ಹಳದಿ ಕಾಣೋದೇ ಇಲ್ಲ, ಅವೆಲ್ಲ ಎಲೆ ಬಣ್ಣವೇ. ಏಪ್ರಿಲ್‌ನಲ್ಲಿ ಚಿಗುರು ಬಂದ ಮೇಲೆ ಹಸಿರು ಮಾಯ. ವರ್ಷವಿಡೀ ಕಾಣೋದು ಗಾಢ ಗುಲಾಬಿ, ಆಮೇಲೆ ತಿಳಿನೀಲಿ. ಕಾಡಿನಲ್ಲಿ ಡಿಸ್ಕ್ ಒಡೆದು ಹೋಗೋದಕ್ಕಿಂತ ಕಳೆದು ಹೋಗೋದೇ ಜಾಸ್ತಿ. ಹಾಗಾಗಿ ಗೆಳೆಯ, ಬಾಳಿಕೆ ಅನ್ನೋದು ಬಣ್ಣದಿಂದಲೇ ಶುರು.

ಇನ್ನೊಂದು ವಿಷಯ. ಪೊದೆಗೆ ಕೈ ಹಾಕೋ ಮುಂಚೆ ಮೂರೆಲೆಯ ಬಳ್ಳಿ ಇದೆಯಾ ನೋಡು. ಪಾಯ್ಸನ್ ಐವಿ. ಅದು ನಮ್ಮ ಗೇರು, ಮಾವಿನ ಕುಟುಂಬದ್ದೇ ಗಿಡ. ಗೇರುಬೀಜದ ಸೊನೆ ತಾಗಿದ್ರೆ ಮೈ ಸುಡೋ ಹಾಗೇ ಇದೂ. ನಾನು ಇದನ್ನ ಹೇಳಿದಾಗ ಅಪ್ಪಯ್ಯ ಆ ಬಳ್ಳಿ ಮುಂದೆ ಕೂತು ಎರಡು ನಿಮಿಷ ನೋಡಿದ್ರು, ದೂರದ ನೆಂಟರನ್ನ ನೋಡೋ ಹಾಗೆ.

*

ಸಿಕ್ಕ ಡಿಸ್ಕುಗಳ ಅಡಿಯಲ್ಲಿ ಸಾಮಾನ್ಯವಾಗಿ ಹೆಸರು, ಫೋನ್ ನಂಬರ್ ಬರೆದಿರ್ತಾರೆ. "ಫೋನ್ ಮಾಡು" ಅನ್ನೋರು ಅಪ್ಪಯ್ಯ. ಹಳೇದು ಅಪ್ಪಯ್ಯ, ಯಾರಿಗೂ ಬೇಡ ಅಂದ್ರೆ, "ಅದನ್ನ ಅವ್ರು ಹೇಳ್ಲಿ" ಅನ್ನೋರು. ಹನ್ನೊಂದು ಜನಕ್ಕೆ ವಾಪಸ್ ಕೊಟ್ಟೆವು. ಉಳಿದವಕ್ಕೆ ನಂಬರ್ ಇರಲಿಲ್ಲ, ಇಲ್ಲಾ ಅಳಿಸಿ ಹೋಗಿತ್ತು. ಆ ಹನ್ನೆರಡು ಬಾಲ್ಕನಿಯಲ್ಲಿ ಗುಡ್ಡೆ ಬಿತ್ತು. ಅದೇ ಅವರ ಹೊಸ ಕೆಲಸವಾಯ್ತು.

ಒಂದೊಂದನ್ನೂ ತೊಳೆದು ಒರೆಸಿ, ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನ ಅಂಚಿನ ಸುತ್ತ ಆಡಿಸೋರು. "ಇಲ್ಲೊಂದು ಗಾಯ, ಇಲ್ಲೆರಡು." ಬಗ್ಗಿಸಿ ನೋಡೋರು, ಉಗುರು ಒತ್ತಿ ನೋಡೋರು. ಒಂದು ವಾರದಲ್ಲಿ ಮೂರು ರಾಶಿ ಮಾಡಿದ್ರು. ಆ ಮೇಲೆ ನಾನು ಡಿಸ್ಕಿನ ಮೇಲಿದ್ದ ಹೆಸರುಗಳನ್ನ ಓದಿ ನೋಡ್ತೀನಿ, ಕಂಪನಿಯವರು ಮಾಡಿದ ವಿಂಗಡಣೆಯೂ ಹೆಚ್ಚುಕಮ್ಮಿ ಅದೇ!

ಮೊದಲ ರಾಶಿ ಅಗ್ಗದ ಪ್ಲಾಸ್ಟಿಕ್. ಇನೋವಾದವರ ಡಿಎಕ್ಸ್, ಡಿಸ್ಕ್ರಾಫ್ಟಿನವರ ಪ್ರೊ-ಡಿ. ಕೈಗೆ ಚೆನ್ನಾಗಿ ಹಿಡಿತ ಸಿಗುತ್ತೆ, ಆದ್ರೆ ಪ್ರತಿ ಮರದ ಲೆಕ್ಕವೂ ಅಂಚಿನ ಮೇಲೆ ದಾಖಲಾಗಿರುತ್ತೆ. ಎರಡನೇದು ಗಾಜಿನ ಹಾಗೆ ಬೆಳಕು ದಾಟೋ ಗಟ್ಟಿ ಪ್ಲಾಸ್ಟಿಕ್. ಚಾಂಪಿಯನ್, ಎಲೀಟ್ ಜೀ, ಲ್ಯಾಟಿಟ್ಯೂಡ್ 64ರ ಆಪ್ಟೋ, ಡೈನಾಮಿಕ್ ಡಿಸ್ಕ್ಸಿನ ಲೂಸಿಡ್, ಎಲ್ಲಾ ಈ ಜಾತಿ. ಮರಕ್ಕೆ ಹೊಡೆದ್ರೂ ಗೀರು ಬೀಳುತ್ತೆ ಹೊರತು ತುಂಡು ಏಳಲ್ಲ. ಮೂರನೇದು ಬೆಳಕು ದಾಟದ, ಸ್ವಲ್ಪ ಮೆತ್ತಗಿನ ದುಬಾರಿ ಪ್ಲಾಸ್ಟಿಕ್. ಸ್ಟಾರ್, ಈಎಸ್‌ಪಿ, ಗೋಲ್ಡ್. ಬಾಳಿಕೆ ಎರಡನೇದಕ್ಕಿಂತ ಒಂದು ಕೂದಲು ಕಮ್ಮಿ, ಹಿಡಿತ ಒಂದು ಹಿಡಿ ಜಾಸ್ತಿ. ಮಳೆ ಬಂದಾಗ ಗಾಜಿನ ಜಾತಿಯವು ಒದ್ದೆ ಸೋಪಿನ ಹಾಗೆ ಜಾರುತ್ತವೆ. ಆಗ ಮೂರನೇದೇ ವಾಸಿ, ಬ್ಯಾಗಿನಲ್ಲಿ ಒಂದು ಪಂಚೆ ತುಂಡೂ ಇರಲಿ. ಬೆಲೆ ಅಗ್ಗದ್ದರ ಸುಮಾರು ಎರಡರಷ್ಟು.

ಬಾಳಿಕೆ ಅಂದ್ರೆ ಒಡೆಯದಿರೋದು ಅಂತ ನಾನು ಅಂದುಕೊಂಡಿದ್ದೆ. ನಿಜವಾದ ತೊಂದರೆ ಒಡೆಯೋದಲ್ಲ, ಬದಲಾಗೋದು. ಇಲ್ಲಿ ಸ್ವಲ್ಪ ಇಂಜಿನಿಯರಿಂಗ್, ಸಹಿಸಿಕೊಳ್ಳಿ. ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಬಲಗೈಯವರು ಕೈಯನ್ನ ಎದೆಯ ಮುಂದಿನಿಂದ ಎಳೆದು ಎಸೆದ್ರೆ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತೆ. ವೇಗ ಇರುವಾಗ ಬಲಕ್ಕೆ ವಾಲುತ್ತೆ, ಅದು ಟರ್ನ್. ವೇಗ ಇಳಿದಾಗ ಎಡಕ್ಕೆ ವಾಲುತ್ತೆ, ಅದು ಫೇಡ್. ಅಂಚು ಮರಕ್ಕೆ ಬಡಿದೂ ಬಡಿದೂ ಆಕಾರ ಸ್ವಲ್ಪ ಕೆಟ್ಟರೆ ಬಲಕ್ಕೆ ವಾಲೋದು ಹೆಚ್ಚುತ್ತೆ. ಅಗ್ಗದ ಪ್ಲಾಸ್ಟಿಕ್ಕಿನಲ್ಲಿ ಇದು ವಾರಗಳಲ್ಲಿ ಆಗುತ್ತೆ. ಅಂದ್ರೆ ಫೆಬ್ರವರಿಯಲ್ಲಿ ನೇರ ಹೋಗ್ತಿದ್ದ ಡಿಸ್ಕ್ ಏಪ್ರಿಲ್‌ನಲ್ಲಿ ಬೇರೆಯೇ ಡಿಸ್ಕ್. ಬಯಲಲ್ಲಾದ್ರೆ ಪರವಾಗಿಲ್ಲ. ಎರಡು ಮರದ ನಡುವಿನ ಎಂಟಡಿ ಸಂದಿಯಲ್ಲಿ ಇದು ನಡೆಯಲ್ಲ. ಗಟ್ಟಿ ಪ್ಲಾಸ್ಟಿಕ್ಕೂ ಬದಲಾಗುತ್ತೆ, ಆದ್ರೆ ವರ್ಷಗಟ್ಟಲೆ ತಗೊಂಡು. ಹಾಗೆ ನಿಧಾನಕ್ಕೆ ಹದ ಬಂದಿದ್ದು ಎಷ್ಟೋ ಕಾಲ ಆ ಹದದಲ್ಲೇ ನಿಲ್ಲುತ್ತೆ. ಹಳೇ ಆಟಗಾರರು ಅಂಥ ಸವೆದ ಡಿಸ್ಕನ್ನ ಯಾವ ದುಡ್ಡಿಗೂ ಕೊಡಲ್ಲ.

ಇನ್ನೊಂದು ಅಪ್ಪಯ್ಯ ತೋರಿಸಿದ್ದು. ಗುಡ್ಡೆಯಲ್ಲಿ ಅತಿ ಹೆಚ್ಚು ಗಾಯ ಆಗಿದ್ದು ಕತ್ತಿ ಅಂಚಿನಂಥ ತೆಳ್ಳಗಿನ ಡ್ರೈವರುಗಳಿಗೆ. ಮೊಂಡಂಚಿನ ಪಟ್ಟರ್, ಮಿಡ್‌ರೇಂಜ್ ಡಿಸ್ಕುಗಳು ಅದೇ ಪ್ಲಾಸ್ಟಿಕ್ಕಿನಲ್ಲೂ ಚೆನ್ನಾಗಿದ್ವು. "ಹರಿತ ಇದ್ದಷ್ಟೂ ಬೇಗ ಮೊಂಡಾಗೂದು. ಕತ್ತಿಗೂ ಹಂಗೇ ಅಲ್ದಾ?" ಅಂದ್ರು. ಗಡ್ಡದಯ್ಯ ಮೊದಲ ದಿನವೇ ಹೇಳಿದ್ದು ಇದನ್ನೇ! ಕಾಡಿನ ದಾರಿ ಇನ್ನೂರೈವತ್ತು ಅಡಿ ಇರೋದು, ಅದಕ್ಕೆ ನಾನೂರು ಅಡಿ ಹೋಗೋ ಡಿಸ್ಕ್ ಯಾಕೆ? ಸ್ಪೀಡ್ 4, 5ರ ರಾಕ್, ಬಜ್. ಸ್ವಲ್ಪ ದೂರಕ್ಕೆ ಸ್ಪೀಡ್ 6, 7ರ ಲೆಪರ್ಡ್, ಟೀಬರ್ಡ್. ಅಷ್ಟರಲ್ಲಿ ಇಡೀ ಕಾಡು ಮುಗಿಯುತ್ತೆ.

ತೂಕದ ಬಗ್ಗೆ ಒಂದು ಮಾತು. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರೋ ಹಾಗಿಲ್ಲ, ಒಟ್ಟು 200 ಗ್ರಾಂ ದಾಟೋ ಹಾಗಿಲ್ಲ. 21.1 ಸೆಂಟಿಮೀಟರಿನ ಡ್ರೈವರಿಗೆ ಗುಣಿಸಿ ನೋಡಿ, 175.1 ಗ್ರಾಂ. ಅಂಗಡಿಯಲ್ಲಿ ಎಲ್ಲಿ ನೋಡಿದ್ರೂ 175 ಅಂತ ಬರೆದಿರೋದರ ಗುಟ್ಟು ಇದು. ಮುಳ್ಳು ಎದ್ದ ಅಂಚನ್ನ ಉಪ್ಪು ಕಾಗದದಲ್ಲಿ ಹಗುರಕ್ಕೆ ಉಜ್ಜಿ ನಯ ಮಾಡೋದಕ್ಕೆ ನಿಯಮದಲ್ಲಿ ಅವಕಾಶ ಇದೆ. ಅಪ್ಪಯ್ಯ ಹನ್ನೆರಡನ್ನೂ ಉಜ್ಜಿದ್ರು. ಬಾಲ್ಕನಿ ತುಂಬ ಬಣ್ಣಬಣ್ಣದ ಹುಡಿ.

*

ಮಾರ್ಚ್ ಮೊದಲ ವಾರ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದ ಒಂದು ಬೆಳಿಗ್ಗೆ. ನನ್ನ ಬ್ಯಾಗಿನಲ್ಲಿ ಗಡ್ಡದಯ್ಯ ಕೊಟ್ಟ ಒಂದು ಹಳೇ ಡಿಎಕ್ಸ್ ರಾಕ್ ಇತ್ತು. ಅವರು ಅದರಲ್ಲಿ ಎಷ್ಟೋ ವರ್ಷ ಆಡಿದ್ದು. ಆರನೇ ಬುಟ್ಟಿಗೆ ಎಸೆದೆ, ನೇರ ಬೀಚ್ ಮರಕ್ಕೆ ಹೋಯ್ತು. ಯಾವಾಗಿನ ಠಣ್ ಅಲ್ಲ, ಟಪ್ ಅಂತೊಂದು ಶಬ್ದ. ಅಪ್ಪಯ್ಯ ಎತ್ತಿಕೊಂಡು ಬಂದ್ರು, ಅಂಚಿನಿಂದ ನಡು ತನಕ ಸೀಳು. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿರುತ್ತೆ, ಹಳೇ ಅಗ್ಗದ ಪ್ಲಾಸ್ಟಿಕ್ ಅಂತೂ ತಡೆಯಲ್ಲ. ಇದು ನಂಗೆ ಗೊತ್ತಿರಲಿಲ್ಲ.

"ಎಂ-ಸೀಲ್ ಹಾಕಿದ್ರೆ ಆಗ್ತದಾ?"

"ಇಲ್ಲ ಅಪ್ಪಯ್ಯ. ಸೀಳಿದ ಡಿಸ್ಕಲ್ಲಿ ಆಡೋ ಹಾಗಿಲ್ಲ, ನಿಯಮ."

ಸೋಮವಾರ ಗಡ್ಡದಯ್ಯನಿಗೆ ಹೇಳೋಕೆ ಸಂಕಟ ಆಯ್ತು. ಅವರು ನಕ್ಕು, ಹೆಡ್ರಿಕ್ಕರ ಬೂದಿಯ ಕಥೆ ಹೇಳಿದ್ದು ಆವತ್ತೇ. ಮನೆಗೆ ಬಂದು ಅಪ್ಪಯ್ಯನಿಗೆ ಅದನ್ನ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ರು. ಅಮ್ಮನ ಬೂದಿ ನಾವಿಬ್ಬರೂ ತುಂಗೆಗೆ ಬಿಟ್ಟಿದ್ದು. ಆಮೇಲೆ ಕೇಳಿದ್ರು, "ಅಂಥದ್ದು ಮರಕ್ಕೆ ತಾಗಿ ಒಡೆದ್ರೆ ಅವ್ರು ಎಂಥ ಮಾಡ್ತಾರೆ?"

ನಂಗೆ ಉತ್ತರ ಗೊತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅವಳ ಸುದ್ದಿಗೆ ಹತ್ತಿರ ಬಂದ ನಮ್ಮ ಮೊದಲ ಮಾತು ಅದು. ಸೀಳಿದ ರಾಕ್ ಬಿಸಾಡೋಕೆ ಬಿಡಲಿಲ್ಲ. ಮಜ್ಜಿಗೆ ಪಾತ್ರೆಗೆ ಮುಚ್ಚಳ ಮಾಡಿದ್ರು. ಸರಿಯಾಗಿ ಕೂತಿತು.

*

ಏಪ್ರಿಲ್ ಕೊನೆ. ಡಾಗ್‌ವುಡ್ ಹೂವು ಮುಗಿದು, ಪೈನಿನ ಹಳದಿ ಹುಡಿ ತೊಳೆದು ಹೋಗಿ, ಕಾಡು ಪೂರ್ತಿ ಹಸಿರಾಗಿತ್ತು. ಹದಿನಾಲ್ಕನೇ ಟೀ ಹತ್ರ ಒಂದು ಮರದ ಬೆಂಚಿದೆ. ಅಲ್ಲಿ ಕೂತಾಗ ಧೈರ್ಯ ಮಾಡಿ ಕೇಳಿದೆ.

"ಅಪ್ಪಯ್ಯ, ತೋಟದ ವಿಷಯ ಎಂಥ ಮಾಡೋದು?"

"ಎಂಥ ಅಂದ್ರೆ?"

"ಕೊಟ್ಟುಬಿಡೋಣ ಅಂತ. ಎಲೆಚುಕ್ಕಿ ಹೀಗೇ ಇದ್ರೆ ಇನ್ನು ನಾಲ್ಕು ವರ್ಷಕ್ಕೆ ಅಲ್ಲಿ ಎಂಥದೂ ಇರಲ್ಲ. ನೀವೊಬ್ರೇ ಅಲ್ಲಿ..."

ಅವರು ಕೈಲಿದ್ದ ಡಿಸ್ಕ್ ಒರೆಸ್ತಾನೇ ಇದ್ರು. "ಮೇಲಿನ ತೋಟ ಹೋಯ್ತು ಅಂತ ನಂಗೂ ಗೊತ್ತುಂಟು ಮಾರಾಯ. ಅಲ್ಲಿಗೆ ಕಾಫಿ ಹಾಕೂದು ಅಂತ ಬರೋ ಮುಂಚೆನೇ ಹೇಳಿಟ್ಟು ಬಂದೀನಿ. ಕೆಳಗಿಂದು ಇನ್ನೂ ಉಂಟು."

ಅವರು ಲೆಕ್ಕ ಹಾಕಿ ಮುಗಿಸಿಯೇ ಬಂದಿದ್ರು. ನಾನು ಎರಡು ತಿಂಗಳಿಂದ ಮನಸ್ಸಲ್ಲಿ ಕಟ್ಟಿಕೊಂಡಿದ್ದ ವಾದವೆಲ್ಲ ಹಾಗೇ ಉಳೀತು. ಅವರು ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು:

"ನಾನು ನಿಂಗೆ ಒಂದು ಸಲ ಆದ್ರೂ ವಾಪಸ್ ಬಾ ಅಂತ ಹೇಳಿದ್ದುಂಟಾ?"

"ಇಲ್ಲ."

"ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ ಅಂತ ತಿಳ್ಕೊಂಡ್ಯಾ?"

ಹಿಂದಿನ ತಂಡದವರು ಟೀ ಹತ್ರ ಬಂದು ನಿಂತಿದ್ರು. ನಾನು ಎದ್ದು ಎಸೆದೆ. ಎಲ್ಲಿಗೆ ಹೋಯ್ತು ಅಂತ ನೋಡಲೂ ಇಲ್ಲ, ಶಬ್ದ ಮಾತ್ರ ಕೇಳಿಸ್ತು. ಅಪ್ಪಯ್ಯ ಮಫ್ಲರ್ ಸರಿ ಮಾಡ್ಕೊಂಡು ಹುಡುಕೋಕೆ ಹೊರಟ್ರು.

ಆಮೇಲೆ ಆ ವಿಷಯ ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಅವರಿಗೆ ಒಳ್ಳೇದಾಗಲಿ ಅಂತಲೇ ನಾನು ಹೇಳ್ತಿದ್ದೀನಿ ಅಂತ ಇಷ್ಟು ದಿನ ನಂಬಿದ್ದೆ. ಅದರಲ್ಲಿ ಅರ್ಧ, ಮಳೆಗಾಲದ ರಾತ್ರಿ ಫೋನ್ ಹತ್ತದೇ ಹೋದಾಗ ನಂಗಾಗೋ ಹೆದರಿಕೆಯಿಂದ ತಪ್ಪಿಸಿಕೊಳ್ಳೋ ಆಸೆ ಅಂತ ಈಗ ಗೊತ್ತು. ಹೆದರಿಕೆ ಈಗಲೂ ಇದೆ. ವಾಪಸ್ ಹೋಗ್ತೀನಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.

ಹೊರಡೋ ಹಿಂದಿನ ದಿನ ಗುಡ್ಡೆಯಿಂದ ನಂಗೊಂದು ಡಿಸ್ಕ್ ಆರಿಸಿ ಕೊಟ್ಟರು. ಗುಲಾಬಿ ಬಣ್ಣದ ಚಾಂಪಿಯನ್ ಲೆಪರ್ಡ್, ಮೈತುಂಬ ಗೀರು, ಅಂಚು ಮಾತ್ರ ನಯ. "ಇದು ಇನ್ನು ಕೆಡೂದಿಲ್ಲ. ಎಷ್ಟು ಆಗ್ಬೇಕೋ ಅಷ್ಟು ಆಗಿ ಮುಗ್ದುಂಟು" ಅಂದ್ರು. ಅಡಿಯಲ್ಲಿ ಮಾರ್ಕರಿನಿಂದ ನನ್ನ ಹೆಸರು ಬರೆದ್ರು, ಕನ್ನಡದಲ್ಲಿ. ಕೆಳಗೆ ನನ್ನ ಫೋನ್ ನಂಬರ್.

*

ಗೆಳೆಯಾ, ನಿನ್ನ ಉತ್ತರ ಒಟ್ಟು ಮಾಡಿ ಹೇಳ್ತೀನಿ. ಡ್ರೈವರ್ ಆಸೆ ಬಿಡು. ಒಂದು ಪಟ್ಟರ್, ಒಂದು ಮಿಡ್‌ರೇಂಜ್, ಒಂದು ಸ್ಪೀಡ್ 6 ಇಲ್ಲಾ 7, ಮೂರು ಸಾಕು. ಪಟ್ಟರ್ ಅಗ್ಗದ್ದಾದ್ರೂ ನಡೆಯುತ್ತೆ, ಸರಪಳಿಗೆ ಹಾಕೋಕೆ ಹಿಡಿತ ಮುಖ್ಯ. ಟೀಯಿಂದ ಎಸೆಯೋ ಎರಡು ಮಾತ್ರ ಗಟ್ಟಿ ಪ್ಲಾಸ್ಟಿಕ್ಕಿಂದೇ ಇರಲಿ. ಗುಲಾಬಿ ಬಣ್ಣ. ಹಳೇ ಅಗ್ಗದ ಡಿಸ್ಕನ್ನ ಹೆಪ್ಪುಗಟ್ಟೋ ಚಳಿಯಲ್ಲಿ ಎಸೀಬೇಡ. ಆಗಾಗ ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಅಂಚು ನೋಡು. ಹೆಸರು ಬರೆಯೋದು ಮರೀಬೇಡ.

ಆ ಲೆಪರ್ಡ್ ನಾನು ಕಳೆದುಕೊಂಡೆ. 2024ರ ಆಗಸ್ಟಿನಲ್ಲಿ, ಕೋರ್ಸಿನ ಪಕ್ಕದ ತೊರೆಯಲ್ಲಿ. ಮೊಣಕಾಲು ನೀರಲ್ಲಿ ಒಂದು ಗಂಟೆ ಹುಡುಕಿದೆ. ಆ ಕಣ್ಣು ನಂಗಿಲ್ಲ. ಅಪ್ಪಯ್ಯನಿಗೆ ಹೇಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಬಂತು. ಪಶ್ಚಿಮದ ಬೆಟ್ಟದ ಊರುಗಳಲ್ಲಿ ಆದ ಅನಾಹುತ ನೀವೂ ಓದಿರ್ತೀರಿ. ನಮ್ಮಲ್ಲೂ ಮರ ಬಿದ್ವು, ತೊರೆ ಉಕ್ಕಿತು. ಇನ್ನು ಅದರ ಆಸೆ ಮುಗೀತು ಅಂದುಕೊಂಡೆ.

ಅಕ್ಟೋಬರಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ಕೆಸರು ಮೆತ್ತಿದ ಗುಲಾಬಿ ಡಿಸ್ಕ್. ತೊರೆಯಲ್ಲಿ ಅರ್ಧ ಮೈಲಿ ಕೆಳಗೆ, ಬಿದ್ದ ಮರದ ಕೊಂಬೆಗಳ ಮಧ್ಯೆ ಸಿಕ್ಕಿತಂತೆ. ನಂಬರಿನ ಮೇಲೆ ಏನೋ ಚಂದದ ಚಿತ್ರ ಇದೆಯಲ್ಲ, ಅದೇನು ಅಂತ ಕೇಳಿದ್ದ. ನನ್ನ ಹೆಸರು, ನಮ್ಮಪ್ಪ ಬರೆದಿದ್ದು ಅಂದೆ. ಮನೆ ತನಕ ತಂದು ಕೊಟ್ಟ.

ಆ ಫೋಟೋನ ಅಪ್ಪಯ್ಯನಿಗೆ ಕಳಿಸಿ, ಕಳೆದಿದ್ದು, ಸಿಕ್ಕಿದ್ದು ಎಲ್ಲಾ ಹೇಳಿದೆ. ಆ ಕಡೆ ಮಳೆ ಸದ್ದು. ಡಿಸ್ಕಿನ ಬಗ್ಗೆ ಏನೂ ಕೇಳಲಿಲ್ಲ.

"ತಂದು ಕೊಟ್ಟವ್ರನ್ನ ಒಳಗೆ ಕರೆದು ಒಂದು ಲೋಟ ಕಾಫಿ ಕೊಟ್ಯಾ ಇಲ್ವಾ?" ಅಂದ್ರು.